ಗುಡ್ಡ ಜಾರಿ ಫೋನು, ರಸ್ತೆ ಎರಡೂ ಹೋದಾಗ ಹ್ಯಾಮ್ ರೇಡಿಯೊ ನಿಜವಾಗ್ಲೂ ಕೆಲಸಕ್ಕೆ ಬರುತ್ತಾ?

ಕಾಫಿತೋಟದ_ಮೇಷ್ಟ್ರು
ಮೇ 10, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಮಡಿಕೇರಿ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡ್ತೇನೆ. ಮಳೆ ಹಿಡಿಯೋಕೆ ಇನ್ನು ಮೂರು ವಾರ ಇದೆ, ಅಷ್ಟರೊಳಗೆ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳು ತಮ್ಮದೇ ಸೆಟ್ ಇಟ್ಟುಕೊಂಡು ಮಾತಾಡೋ ರೇಡಿಯೊ, ಅದರ ಬಗ್ಗೆ ಒಂದು ವಿಷಯ ತಿಳ್ಕೊಳ್ಳಬೇಕು ಅಂತ ಕೇಳ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಅಂತ ದಿನಾ ಟೀವಿಯಲ್ಲಿ ಕೇಳಿರ್ತೀರಿ. ನಾವಿದ್ದದ್ದು ಆ ಕಡೆಯೇ. ಗುಡ್ಡ ಜಾರಿ ರಸ್ತೆ ಎರಡು ಕಡೆ ಹೋಯ್ತು. ಕರೆಂಟ್ ಅದಕ್ಕೂ ಮುಂಚೆಯೇ ಇರಲಿಲ್ಲ. ಟವರ್ ಎರಡನೇ ದಿನ ಬೆಳಿಗ್ಗೆ ಸತ್ತುಹೋಯ್ತು. ಎತ್ತರದಲ್ಲಿದ್ದ ಒಂದು ಮನೆಯಲ್ಲಿ ನಾವು 23 ಜನ ಸೇರಿಕೊಂಡಿದ್ದೆವು. ಅದರಲ್ಲಿ ಒಬ್ಬರು ಅಜ್ಜಿಗೆ ಇನ್ಸುಲಿನ್ ಬೇಕಿತ್ತು, ಅವರ ಹತ್ರ ಇದ್ದದ್ದು ಒಂದೂವರೆ ದಿನಕ್ಕಾಗುವಷ್ಟು. ಮೂರು ರಾತ್ರಿ ಕಳೆದೆವು. ಮೈಸೂರಿನಲ್ಲಿದ್ದ ನನ್ನ ತಮ್ಮ ಒಂದು ಪರಿಹಾರ ಕೇಂದ್ರದಿಂದ ಇನ್ನೊಂದಕ್ಕೆ ನಮ್ಮ ಹೆಸರು ಹುಡುಕಿಕೊಂಡು ಅಲೆದಿದ್ದಾನೆ. ನಾವಿದ್ದ ಜಾಗ ಮಡಿಕೇರಿಯಿಂದ ತೀರಾ ದೂರವೇನಲ್ಲ. ಬದುಕಿದ್ದೇವೆ, ಔಷಧಿ ಬೇಕು ಅನ್ನೋ ಎರಡು ಮಾತು ಅಲ್ಲಿಗೆ ತಲುಪಲಿಲ್ಲ, ಅಷ್ಟೆ. ಅಜ್ಜಿ ಉಳಿದುಕೊಂಡರು. ಆದರೆ ಆ ಮೂರನೇ ರಾತ್ರಿಯನ್ನು ನಾನು ಮರೆತಿಲ್ಲ.

2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಜೊತೆ ಹ್ಯಾಮ್ ರೇಡಿಯೊದಲ್ಲಿ ಮಾತಾಡಿದ್ದನ್ನು ಮಕ್ಕಳಿಗೆ ಹೇಳ್ತಿದ್ದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅಷ್ಟು ಮೇಲಿಂದ ಬೆಂಗಳೂರಿಗೆ ಮಾತಾಡಬಹುದು ಅಂದ್ರೆ, ಅವತ್ತು ನಮಗೆ ಇಲ್ಲಿಂದ ಮಡಿಕೇರಿಗೆ ಯಾಕೆ ಆಗ್ಲಿಲ್ಲ?" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ.

ಅಂತರ್ಜಾಲದಲ್ಲಿ ಎರಡು-ಎರಡೂವರೆ ಸಾವಿರಕ್ಕೆ ವಾಕಿಟಾಕಿ ಸಿಗುತ್ತೆ ಅಂತಾರೆ. ಶಾಲೆಯ ಅಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ನಾಲ್ಕು ತರಿಸೋಣ ಅಂತಿದ್ದಾರೆ. ತರಿಸಬಹುದಾ?

ಕೆಂಗೇರಿ_ಆಂಟೆನಾ
ಮೇ 10, ರಾತ್ರಿ 10:05

ಮೇಷ್ಟ್ರೇ, ದಯವಿಟ್ಟು ಈಗಲೇ ತರಿಸಬೇಡಿ. ನಾನು ಆರು ವರ್ಷದಿಂದ ಹ್ಯಾಮ್ (ಹ್ಯಾಮ್ ರೇಡಿಯೊ ಬಳಸೋರನ್ನ ಹೀಗೇ ಕರೀತಾರೆ). ನನ್ನ ಕರೆಚಿಹ್ನೆ, ಅಂದ್ರೆ ಲೈಸೆನ್ಸ್ ಜೊತೆ ಸಿಗೋ ಗುರುತು, ವಿಯು3ಯಿಂದ ಶುರುವಾಗುತ್ತೆ. ನೀವು ಹೇಳ್ತಿರೋ ಸೆಟ್ ಇಟ್ಟುಕೊಳ್ಳೋಕೂ ಅದರಲ್ಲಿ ಮಾತಾಡೋಕೂ ಲೈಸೆನ್ಸ್ ಬೇಕೇ ಬೇಕು. ಇಂಥ ಸೆಟ್‌ಗಳನ್ನ ಆನ್‌ಲೈನ್‌ನಲ್ಲಿ ಹೇಗೆಂದರೆ ಹಾಗೆ ಮಾರೋದನ್ನ ತಡೆಯೋಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ತಂದಿದೆ. ಶಾಲೆಯ ದುಡ್ಡಲ್ಲಿ ತಂದು ನಾಳೆ ನೀವು ತೊಂದರೆಗೆ ಸಿಕ್ಕಿಕೊಳ್ಳೋದು ಬೇಡ.

ಲೈಸೆನ್ಸ್ ಪಡೆಯೋದೇನೂ ಬ್ರಹ್ಮವಿದ್ಯೆ ಅಲ್ಲ. ದೂರಸಂಪರ್ಕ ಇಲಾಖೆ ಪರೀಕ್ಷೆ ಮಾಡುತ್ತೆ, ರಿಸ್ಟ್ರಿಕ್ಟೆಡ್ ಮತ್ತು ಜನರಲ್ ಅಂತ ಎರಡು ದರ್ಜೆ. ರಿಸ್ಟ್ರಿಕ್ಟೆಡ್‌ಗೆ ಮೋರ್ಸ್ ಕೋಡ್ (ಚುಕ್ಕಿ-ಗೆರೆ ಸದ್ದಿನ ತಂತಿ ಭಾಷೆ) ಬೇಕಿಲ್ಲ, ಸ್ವಲ್ಪ ಎಲೆಕ್ಟ್ರಾನಿಕ್ಸು, ಸ್ವಲ್ಪ ನಿಯಮ ಓದಿದರೆ ಸಾಕು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನವರು ಎಷ್ಟೋ ವರ್ಷದಿಂದ ಇದಕ್ಕೆ ಪಾಠ ಮಾಡ್ಕೊಂಡು ಬಂದಿದ್ದಾರೆ. ನನ್ನ ಕಾಗದಪತ್ರ, ಪರಿಶೀಲನೆ ಎಲ್ಲಾ ಮುಗಿಯೋಕೆ ಎಂಟು ತಿಂಗಳು ಹಿಡೀತು, ಅದನ್ನ ಮೊದಲೇ ಹೇಳಿಬಿಡ್ತೀನಿ. ಇನ್ನೊಂದು ಮಾತು. ಕನಿಷ್ಠ ವಯಸ್ಸು 12. ಆ ಪ್ರಶ್ನೆ ಕೇಳಿದ ಹುಡುಗಿಯೇ ಪರೀಕ್ಷೆಗೆ ಕೂರಬಹುದು.

ಅವಳ ಪ್ರಶ್ನೆಗೆ ಉತ್ತರ: ನಿಲ್ದಾಣ ಇರೋದು ಸುಮಾರು 400 ಕಿಲೋಮೀಟರ್ ಮೇಲೆ, ಮಧ್ಯೆ ಅಡ್ಡ ಏನೂ ಇಲ್ಲ. ನಿಮಗೂ ಮಡಿಕೇರಿಗೂ ಮಧ್ಯೆ ಗುಡ್ಡ ಇದೆ. ಕೈಲಿ ಹಿಡಿಯೋ ಸೆಟ್ ಕೆಲಸ ಮಾಡೋ 144–146 ಮೆಗಾಹರ್ಟ್ಸ್ ಅಲೆಗಳು ಬೆಳಕಿನ ಹಾಗೆ ನೇರ ಹೋಗ್ತವೆ, ಗುಡ್ಡ ಬಳಸಿಕೊಂಡು ಬರಲ್ಲ. ನಾಲ್ಕು ತರಿಸಿದ್ರೂ ಶಾಲೆಯಿಂದ ಪಕ್ಕದ ತೋಟಕ್ಕೆ ಮಾತಾಡಬಹುದಿತ್ತೇ ಹೊರತು ಮಡಿಕೇರಿಗಲ್ಲ. ಗುಡ್ಡದ ತುದಿಯಲ್ಲಿ ರಿಪೀಟರ್, ಅಂದ್ರೆ ಬಂದ ದನಿಯನ್ನ ಹಿಡಿದು ಮತ್ತೆ ಪ್ರಸಾರ ಮಾಡೋ ಪೆಟ್ಟಿಗೆ, ಇದ್ರೆ ಮಾತು ಬೇರೆ. 2024ರ ಜುಲೈ 30ರಂದು ನಿಮ್ಮ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದಾಗ ಅಲ್ಲಿನ ಹ್ಯಾಮ್‌ಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲೇ ಕೇಂದ್ರ ತೆರೆದು, ಎತ್ತರದ ರಿಪೀಟರ್ ಮೂಲಕ ಗುಡ್ಡದ ಕಡೆಯವರ ಜೊತೆ ಮಾತಾಡ್ತಿದ್ರು.

ನಿವೃತ್ತ_ತಂತಿ
ಮೇ 11, ಬೆಳಿಗ್ಗೆ 6:10

ಮೇಷ್ಟ್ರಿಗೆ ನಮಸ್ಕಾರ. ಮೈಸೂರಿನವನು, ತಂತಿ ಇಲಾಖೆಯಲ್ಲಿ ಮೋರ್ಸ್ ಕುಟ್ಟಿಕೊಂಡೇ ಸರ್ವಿಸ್ ಮುಗಿಸಿದವನು. ಆಮೇಲೆ ಹ್ಯಾಮ್ ಆದೆ.

ಮಗಳಂಥ ಕೆಂಗೇರಿಯವರು ಹೇಳಿದ್ದು ಸರಿ. ಆದರೆ ಗುಡ್ಡ ದಾಟೋಕೆ ಇನ್ನೊಂದು ದಾರಿ ಇದೆ, ನಿಮ್ಮ ಜಾಗಕ್ಕೆ ಹೇಳಿ ಮಾಡಿಸಿದ ದಾರಿ. ಕಾರಂಜಿ ನೋಡಿದ್ದೀರಲ್ಲ, ನೀರು ನೆಟ್ಟಗೆ ಮೇಲೆ ಚಿಮ್ಮಿ ಸುತ್ತಲೂ ಬೀಳುತ್ತೆ. 7 ಮೆಗಾಹರ್ಟ್ಸ್‌ನ ಅಲೆಯನ್ನ ಹಾಗೇ ಹೆಚ್ಚುಕಡಿಮೆ ನೆಟ್ಟಗೆ ಆಕಾಶಕ್ಕೆ ಬಿಟ್ಟರೆ ಬಹಳ ಮೇಲಿರೋ ವಿದ್ಯುತ್ ಕಣಗಳ ಪದರಕ್ಕೆ (ಅಯಾನುಗೋಳಕ್ಕೆ) ತಾಗಿ ಕೆಳಗೆ ಬರುತ್ತೆ, ಸುತ್ತ 300–400 ಕಿಲೋಮೀಟರ್ ಪೂರ್ತಿ ನೆನೆಸಿಬಿಡುತ್ತೆ. ಮಧ್ಯೆ ಪುಷ್ಪಗಿರಿ ಬರಲಿ, ಬ್ರಹ್ಮಗಿರಿ ಬರಲಿ, ಅದಕ್ಕೆ ಲೆಕ್ಕಕ್ಕಿಲ್ಲ, ಮೇಲಿಂದ ಬರ್ತಿದೆಯಲ್ಲ. ನಿಮ್ಮೂರಿಂದ ಮಡಿಕೇರಿ, ಮೈಸೂರು, ಮಂಗಳೂರು, ಬೆಂಗಳೂರು ಎಲ್ಲವೂ ಆ ಕಾರಂಜಿಯೊಳಗೆ.

ಅದಕ್ಕೆ ಬೇಕಾದ್ದು ದೊಡ್ಡ ಟವರ್ ಅಲ್ಲ. ಸುಮಾರು 20 ಮೀಟರ್ ತಾಮ್ರದ ತಂತಿ ತಗೊಂಡು ನಡುವೆ ಕತ್ತರಿಸಿ. ಆ ನಡುವಿಗೆ ಕೋಆಕ್ಸ್ ಕೇಬಲ್ (ಟೀವಿ ಡಿಶ್‌ಗೆ ಬರುವಂಥದ್ದು) ಸೇರಿಸಿ, ಎರಡು ತುದಿಗೆ ಪ್ಲಾಸ್ಟಿಕ್ ಹಗ್ಗ ಕಟ್ಟಿ, ಎರಡು ಸಿಲ್ವರ್ ಓಕ್ ಮರಕ್ಕೆ ಎಳೆದು ಕಟ್ಟಿಬಿಡಿ. ಎತ್ತರ ನಾಲ್ಕೈದು ಮೀಟರ್ ಇದ್ದರೆ ಸಾಕು. ಎತ್ತರಕ್ಕೆ ಹೋದಷ್ಟೂ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ಅದು ಅಮೆರಿಕದವರ ಜೊತೆ ಮಾತಾಡೋಕೆ. ಪಕ್ಕದ ತಾಲ್ಲೂಕಿಗೆ ಮಾತಾಡೋಕೆ ತಂತಿ ತಗ್ಗಿನಲ್ಲೇ ಇರಬೇಕು. ಹಗಲೆಲ್ಲ 7 ಮೆಗಾಹರ್ಟ್ಸ್, ಕತ್ತಲಾದ ಮೇಲೆ ಅದು ಹತ್ತಿರದವರನ್ನ ಬಿಟ್ಟು ದೂರ ಹಾರುತ್ತೆ, ಆಗ 3.5 ಮೆಗಾಹರ್ಟ್ಸ್‌ಗೆ ಇಳೀಬೇಕು. ಅದಕ್ಕೆ ತಂತಿ ಎರಡರಷ್ಟು ಉದ್ದ.

ಕರೆಂಟ್ ಇಲ್ಲದಿದ್ದರೆ? ಜೀಪಿನ ಬ್ಯಾಟರಿ. 100 ವಾಟ್‌ನ ಸೆಟ್ ಕೇಳುವಾಗ ಒಂದು ಆಂಪಿಯರ್ ಆಸುಪಾಸು ತಿನ್ನುತ್ತೆ, ಮಾತಾಡುವಾಗ 20. ಹತ್ತು ನಿಮಿಷದಲ್ಲಿ ಒಂದು ನಿಮಿಷ ಮಾತಾಡ್ತೀರಿ ಅಂದರೆ ಸರಾಸರಿ ಮೂರು ಆಂಪಿಯರ್. ಪವರ್ 25 ವಾಟ್‌ಗೆ ಇಳಿಸಿದರೂ ಆ ತುದಿಯವರ ಮೀಟರ್‌ನಲ್ಲಿ ಒಂದೇ ಒಂದು ಗೆರೆ ಕಮ್ಮಿಯಾಗುತ್ತೆ, ಬ್ಯಾಟರಿ ಮಾತ್ರ ಎಷ್ಟೋ ಹೆಚ್ಚು ಹೊತ್ತು ಬರುತ್ತೆ. ಮಲೆನಾಡಿನ ಆಗಸ್ಟ್‌ನಲ್ಲಿ ಸೋಲಾರ್ ನಂಬಿ ಕೂರಬೇಡಿ.

ಟವರ್‌ಮನೆ
ಮೇ 11, ಬೆಳಿಗ್ಗೆ 11:32

ಹಿರಿಯರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳ್ತೀನಿ, ಈಗಲೂ ಇದು ಬೇಕಾ? ನಾನು ಮೊಬೈಲ್ ನೆಟ್‌ವರ್ಕ್ ಕೆಲಸದಲ್ಲಿ ಹದಿಮೂರು ವರ್ಷದಿಂದ ಇದ್ದೀನಿ. ವಿಕೋಪ ಆದಾಗ ಲಾರಿ ಮೇಲೆ ತರೋ ಸಂಚಾರಿ ಟವರ್ ಇದೆ. ಒಂದು ಕಂಪನಿಯ ಸಿಗ್ನಲ್ ಹೋದರೆ ಇನ್ನೊಂದರಲ್ಲಿ ಮಾತಾಡೋ ವ್ಯವಸ್ಥೆ ಮಾಡ್ತಾರೆ. ಎನ್‌ಡಿಆರ್‌ಎಫ್‌ನವರ ಹತ್ರ ಸ್ಯಾಟಲೈಟ್ ಫೋನ್ ಇರುತ್ತೆ, ಪೊಲೀಸ್ ವೈರ್‌ಲೆಸ್ ಇದೆ. ಸ್ಯಾಟಲೈಟ್ ಇಂಟರ್ನೆಟ್‌ಗೂ ನಮ್ಮಲ್ಲಿ ಲೈಸೆನ್ಸ್ ಕೊಟ್ಟಾಗಿದೆ. ಮರಕ್ಕೆ ತಂತಿ ಕಟ್ಟಿಕೊಂಡು ಕೂರೋದಕ್ಕಿಂತ ಟವರ್‌ಗಳ ಬ್ಯಾಟರಿ, ಡೀಸೆಲ್ ಸರಿ ಇಡಿ ಅಂತ ಜನ ಒತ್ತಾಯ ಮಾಡಿದರೆ ಹೆಚ್ಚು ಉಪಯೋಗ ಅಲ್ವಾ?

ಕೆಂಗೇರಿ_ಆಂಟೆನಾ
ಮೇ 11, ಮಧ್ಯಾಹ್ನ 1:15

@ಟವರ್‌ಮನೆ, ನೀವು ಹೇಳಿದ್ದೆಲ್ಲ ಬೇಕು, ಒತ್ತಾಯವನ್ನೂ ಮಾಡೋಣ. ಆದರೆ ಅವೆಲ್ಲ ಹೊರಗಿಂದ ಒಳಗೆ ಬರಬೇಕು ಅನ್ನೋದನ್ನ ನೋಡಿ. ಲಾರಿ ಬರೋಕೆ ರಸ್ತೆ ಬೇಕು. ಡೀಸೆಲ್ ಹೊತ್ತು ತರೋಕೆ ರಸ್ತೆ ಬೇಕು. ಎನ್‌ಡಿಆರ್‌ಎಫ್ ಎಲ್ಲಿಗೆ ಬರಬೇಕು ಅಂತ ಯಾರಾದ್ರೂ ಹೇಳಬೇಕು. ಸ್ಯಾಟಲೈಟ್ ಫೋನನ್ನ ಅನುಮತಿ ಇಲ್ಲದೆ ನಮ್ಮ ದೇಶದಲ್ಲಿ ಯಾರೂ ಇಟ್ಟುಕೊಳ್ಳುವಂತಿಲ್ಲ. ಮೇಷ್ಟ್ರು ಹೇಳಿದ ಆ ಮೂರು ರಾತ್ರಿ ಒಳಗಿದ್ದದ್ದು ಊರಿನ ಜನ ಮಾತ್ರ.

ಅಂಡಮಾನಿನ ಕಥೆ ಗೊತ್ತಿಲ್ಲದವರಿಗಾಗಿ ಬರೀತೀನಿ, ನಾನು ಹ್ಯಾಮ್ ಆಗಿದ್ದೇ ಅದನ್ನ ಓದಿ. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ ಅವರ ತಂಡ 2004ರ ಡಿಸೆಂಬರ್‌ನಲ್ಲಿ ಪೋರ್ಟ್‌ಬ್ಲೇರ್‌ಗೆ ಹೋಗಿತ್ತು. ಕಾರಣ ವಿಕೋಪ ಅಲ್ಲ. ಅಂಡಮಾನಿನಿಂದ ಎಷ್ಟೋ ವರ್ಷದಿಂದ ಹ್ಯಾಮ್ ಪ್ರಸಾರ ಇರಲಿಲ್ಲ, 1987ರ ನಂತರ ಅದೇ ಮೊದಲು. ಹಾಗಾಗಿ ಪ್ರಪಂಚದ ಹ್ಯಾಮ್‌ಗಳೆಲ್ಲ ಆ ಒಂದು ಸಂಪರ್ಕಕ್ಕಾಗಿ ಕಾದು ಕೂತಿದ್ರು. ಶುದ್ಧ ಹವ್ಯಾಸ. ಹೋಟೆಲಿನಲ್ಲಿ ಸೆಟ್ ಇಟ್ಟುಕೊಂಡು ಹಗಲೂ ರಾತ್ರಿ ಮಾತಾಡ್ತಿದ್ರು.

ಡಿಸೆಂಬರ್ 26ರ ಬೆಳಿಗ್ಗೆ ಆರೂವರೆ ಹೊತ್ತಿಗೆ ಭೂಮಿ ನಡುಗಿದಾಗಲೂ ಭಾರತಿಯವರು ಸೆಟ್ ಮುಂದೆಯೇ ಇದ್ರು. ಆಮೇಲೆ ಸುನಾಮಿ ಬಂತು. ಫೋನ್ ಇಲ್ಲ, ಕರೆಂಟ್ ಇಲ್ಲ, ದ್ವೀಪಕ್ಕೂ ಮುಖ್ಯಭೂಮಿಗೂ ಸಂಪರ್ಕ ಕಡಿದುಹೋಗಿತ್ತು. ಹವ್ಯಾಸಕ್ಕೆ ಅಂತ ತಂದಿದ್ದ ಅದೇ ಸೆಟ್ಟು, ಅದೇ ಆಂಟೆನಾ ಆ ಗಳಿಗೆಯಿಂದ ಬೇರೆ ಕೆಲಸಕ್ಕೆ ನಿಂತವು. ತಂಡದ ಕೆಲವರು ಕಾರ್ ನಿಕೋಬಾರ್‌ಗೂ ಹೋದ್ರು. ಯಾರ ಮನೆಯವರು ಬದುಕಿದ್ದಾರೆ, ಎಲ್ಲಿದ್ದಾರೆ ಅನ್ನೋ ಸಂದೇಶಗಳು ಒಂದಾದ ಮೇಲೊಂದು ಮುಖ್ಯಭೂಮಿಗೆ ದಾಟಿದವು.

ನನಗೆ ಇದರಲ್ಲಿ ಮುಖ್ಯ ಅನಿಸೋದು ಅವರು ಮೊದಲೇ ಅಲ್ಲಿದ್ರು ಅನ್ನೋದು. ಮೂರು ವಾರದಿಂದ ದಿನವೂ ಅದೇ ಸೆಟ್ಟಲ್ಲಿ ಮಾತಾಡಿ ಕೈ ಪಳಗಿತ್ತು. ಯಾವ ಹೊತ್ತಿನಲ್ಲಿ ಯಾವ ಬ್ಯಾಂಡ್ (ಫ್ರೀಕ್ವೆನ್ಸಿಗಳ ಗುಂಪು) ತೆರೆಯುತ್ತೆ, ಅಂದ್ರೆ ದೂರದವರಿಗೆ ಕೇಳುತ್ತೆ ಅಂತ ಗೊತ್ತಿತ್ತು. ಮುಖ್ಯಭೂಮಿಯಲ್ಲಿ ಕೇಳೋರು ಕಿವಿ ಕೊಟ್ಟು ಕೂತಿದ್ರು.

ಟವರ್‌ಮನೆ
ಮೇ 11, ಮಧ್ಯಾಹ್ನ 2:40

ಒಳಗಿಂದ ಹೊರಗೆ ಅನ್ನೋ ಮಾತು ಒಪ್ತೀನಿ. ಟವರ್ ಬ್ಯಾಟರಿ ಕೆಲವು ಗಂಟೆ ಮಾತ್ರ, ಆಮೇಲೆ ಜನರೇಟರ್, ಆಮೇಲೆ ಡೀಸೆಲ್. ಬ್ಯಾಟರಿ ಚೆನ್ನಾಗೇ ಇದ್ದರೂ ರಸ್ತೆ ಕೆಳಗೆ ಹೂತಿರೋ ಫೈಬರ್ ರಸ್ತೆ ಜೊತೆಗೇ ಹೋಗುತ್ತೆ. ಕೊಡಗಿನಂಥ ಕಡೆ ಬಳಸಿಕೊಂಡು ಬರೋಕೆ ಎರಡನೇ ದಾರಿ ಇರೋದು ಕಮ್ಮಿ. ಮೊದಲ ಎರಡು ದಿನ ನಮ್ಮ ಕೈಲೂ ಏನೂ ಇರಲ್ಲ ಅನ್ನೋದು ನಿಜ. ಆದರೂ ಊರಿಗೊಬ್ಬ ಹ್ಯಾಮ್ ಎಲ್ಲಿಂದ ತರ್ತೀರಿ?

ಕಂದಾಯ_ಗುಮಾಸ್ತ
ಮೇ 11, ರಾತ್ರಿ 8:50

ನಾನು ವಿಕೋಪದ ಎರಡು ಮಳೆಗಾಲ ಕಂಟ್ರೋಲ್ ರೂಮಿನಲ್ಲಿ ಕೂತವನು. ಯಾವ ತಾಲ್ಲೂಕು ಅಂತ ಹೇಳಲ್ಲ. ರೇಡಿಯೊದವರು ಓದಲೇಬೇಕಾದ ಒಂದು ವಿಷಯ ಹೇಳ್ತೀನಿ.

ಒಂದು ರಾತ್ರಿ ವೈರ್‌ಲೆಸ್‌ನಲ್ಲಿ ಸಂದೇಶ ಬಂತು, ಒಂದು ಊರಿನ ಶಾಲೆಯಲ್ಲಿ ಎಪ್ಪತ್ತು ಜನ ಇದ್ದಾರೆ ಅಂತ. ಎಪ್ಪತ್ತು ಜನಕ್ಕೆ ಊಟ, ಹೊದಿಕೆ ಹೊರಿಸಿ ಹುಡುಗರನ್ನ ಕಳಿಸಿದೆವು. ಕತ್ತಲಲ್ಲಿ ಕೆಸರಲ್ಲಿ ನಾಲ್ಕು ಗಂಟೆ ನಡೆದು ಹೋಗಿದ್ದಾರೆ. ಅಲ್ಲಿದ್ದವರು ಇಪ್ಪತ್ತು. ಆ ಹೆಚ್ಚಿನ ಐವತ್ತು ಜನದ ಊಟ ಅವತ್ತು ಇನ್ನೊಂದು ಕಡೆ ಬೇಕಾಗಿತ್ತು. ಗೊರಗೊರ ಸದ್ದಲ್ಲಿ ಇಪ್ಪತ್ತು, ಎಪ್ಪತ್ತು ಎರಡೂ ಒಂದೇ ಥರ ಕೇಳುತ್ತೆ ಸ್ವಾಮಿ. ಎಂಬತ್ತು, ತೊಂಬತ್ತೂ ಹಾಗೆಯೇ. ಅವತ್ತಿಂದ ನಾನು ಫೋನಲ್ಲೂ ಬಿಡಿ ಅಂಕಿಯಲ್ಲೇ ಹೇಳಿಸಿಕೊಳ್ತೀನಿ, "ಏಳು ಸೊನ್ನೆಯೋ, ಎರಡು ಸೊನ್ನೆಯೋ" ಅಂತ.

ಇನ್ನು ಊರಿನ ಹೆಸರು. ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ? ಒಂದೊಂದು ತಾಲ್ಲೂಕಿನಲ್ಲಿ ಎರಡು ಮೂರು ಇವೆ. ಗ್ರಾಮ ಪಂಚಾಯಿತಿ ಹೆಸರು ಸೇರಿಸದೆ ಕಳಿಸಿದ ಸಂದೇಶ ನಮ್ಮ ಮೇಜಿನ ಮೇಲೆ ಹಾಗೇ ಕೂತಿರುತ್ತೆ.

ಆಮೇಲೆ, ಬೇಜಾರು ಮಾಡ್ಕೋಬೇಡಿ, ಗೊತ್ತಿಲ್ಲದ ನಾಲ್ಕು ಜನ ಸೆಟ್ ಹಿಡ್ಕೊಂಡು "ನಾವು ಸಹಾಯಕ್ಕೆ ಬಂದಿದ್ದೀವಿ" ಅಂತ ನಡುರಾತ್ರಿ ಬಾಗಿಲಲ್ಲಿ ನಿಂತರೆ ನಮಗೆ ಅವರನ್ನ ಏನು ಮಾಡಬೇಕು ಅಂತಲೇ ತೋಚಲ್ಲ. ಯಾರು, ಎಲ್ಲಿಯವರು, ನಂಬಬಹುದಾ? ಅದೇ ಮುಖ ಮೇ ತಿಂಗಳ ವಿಕೋಪ ಸಭೆಯಲ್ಲಿ ಒಮ್ಮೆ ನೋಡಿದ್ದರೆ ಕುರ್ಚಿ ಕೊಟ್ಟು ಪ್ಲಗ್ ತೋರಿಸ್ತೀವಿ. ಮಳೆಗೆ ಮುಂಚೆ ತಹಶೀಲ್ದಾರರನ್ನ ನೋಡಿ ಬನ್ನಿ.

ನಿವೃತ್ತ_ತಂತಿ
ಮೇ 12, ಬೆಳಿಗ್ಗೆ 5:55

ಗುಮಾಸ್ತರೇ, ನಿಮ್ಮ ಈ ಒಂದು ಬರಹವನ್ನ ಅಚ್ಚು ಹಾಕಿಸಿ ಪ್ರತಿಯೊಬ್ಬ ಹ್ಯಾಮ್‌ನ ಮೇಜಿನ ಮುಂದೆ ಅಂಟಿಸಬೇಕು.

ತಂತಿ ಕಚೇರಿಯಲ್ಲಿ ಪ್ರತಿ ಸಂದೇಶಕ್ಕೂ ಪದಗಳ ಲೆಕ್ಕ ಇರುತ್ತಿತ್ತು. ಜನ ಅದನ್ನ ದುಡ್ಡಿಗಾಗಿ ಅಂದುಕೊಂಡಿದ್ರು. ದುಡ್ಡಿಗೂ ಹೌದು. ಆದರೆ ಆ ತುದಿಯವನು ಬರೆದುಕೊಂಡು ಪದ ಎಣಿಸಿದಾಗ ಹದಿನಾಲ್ಕರ ಬದಲು ಹದಿಮೂರು ಬಂದರೆ ಏನೋ ಬಿಟ್ಟುಹೋಗಿದೆ ಅಂತ ಅಲ್ಲೇ ಗೊತ್ತಾಗ್ತಿತ್ತು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು. ಹ್ಯಾಮ್‌ಗಳ ತುರ್ತು ಸಂದೇಶದ ನಮೂನೆಯಲ್ಲಿ ಆ ಪದ್ಧತಿ ಇನ್ನೂ ಉಸಿರಾಡ್ತಾ ಇದೆ. ಸಂದೇಶದ ಸಂಖ್ಯೆ, ಎಷ್ಟು ಹೊತ್ತಿಗೆ, ಎಲ್ಲಿಂದ, ಯಾರು ಕಳಿಸಿದ್ದು, ಯಾರಿಗೆ, ಎಷ್ಟು ಪದ. ತಗೊಂಡವರು ಪೂರ್ತಿ ತಿರುಗಿ ಓದಬೇಕು. ಕಳಿಸಿದವನು "ಸರಿ" ಅಂದ ಮೇಲೇ ಅದು ತಲುಪಿದ ಹಾಗೆ.

2001ರ ಜನವರಿ 26ರಂದು ಭುಜ್ ಭೂಕಂಪ ಆದಾಗ ನಾನು ಮನೆಯಲ್ಲೇ ಕೂತು ಕೇಳ್ತಾ ಇದ್ದೆ. ಗುಜರಾತಿನೊಳಗಿನ ಕೇಂದ್ರಗಳ ದನಿ ಅತ್ತ ದಿಲ್ಲಿ ಕಡೆಗೆ ಸರಿಯಾಗಿ ಕೇಳದಿದ್ದ ಗಳಿಗೆಗಳಿದ್ದವು, ನನಗೆ ಇಲ್ಲಿ ಸ್ಪಷ್ಟ ಕೇಳ್ತಿತ್ತು. ಎರಡು ಸಂದೇಶ ನಾನು ನಡುವೆ ನಿಂತು ದಾಟಿಸಿದೆ. ಆ ಮೂರು ದಿನದಲ್ಲಿ ನಾನು ಬಾಯಿ ತೆರೆದದ್ದು ಒಟ್ಟು ಹತ್ತು ನಿಮಿಷವೂ ಇರಲಾರದು. ಉಳಿದದ್ದೆಲ್ಲ ಕೇಳಿದ್ದು, ಬರೆದಿಟ್ಟದ್ದು. ವಿಕೋಪದಲ್ಲಿ ಹ್ಯಾಮ್‌ನ ದೊಡ್ಡ ಕೆಲಸವೇ ಅದು, ಸುಮ್ಮನಿದ್ದು ಕೇಳೋದು. ಮೂವತ್ತು ಜನ ಒಂದೇ ಫ್ರೀಕ್ವೆನ್ಸಿಯಲ್ಲಿ "ನಾನೂ ಇದ್ದೇನೆ" ಅಂದರೆ ನಿಜಕ್ಕೂ ಬೇಕಾದ ಕ್ಷೀಣ ದನಿ ಮುಳುಗಿಹೋಗುತ್ತೆ. ನೆಟ್, ಅಂದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರಿದವರ ಕೂಟ, ಅದನ್ನ ನಡೆಸುವ ಒಬ್ಬರ ಮಾತನ್ನ ಉಳಿದವರೆಲ್ಲ ಕೇಳಬೇಕು, ಅವರು ಕರೆದಾಗ ಮಾತ್ರ ಬಾಯಿ ಬಿಡಬೇಕು.

ಮಲಪ್ರಭಾ_ದಂಡಿ
ಮೇ 12, ಮಧ್ಯಾಹ್ನ 12:20

ನಮಸ್ಕಾರ್ರಿ ಎಲ್ಲಾರಿಗೂ. 2019ರ ಆಗಸ್ಟ್‌ದಾಗ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಒಮ್ಮೆಲೇ ತುಂಬಿ ಬಂದ್ವು, ಪಟ್ಟದಕಲ್ಲಿನ ಗುಡಿಯೊಳಗ ನೀರು ನಿಂತಿದ್ದು ನೀವು ನೋಡಿರಬೇಕು. ನಮ್ಮ ಊರೂ ಅಲ್ಲೇ ಸನೇದಾಗ ಐತ್ರಿ.

ನಮಗ ನೀರಿಗಿಂತ ಹೆಚ್ಚ ಕಾಡಿದ್ದು ಸುದ್ದಿ. ನಟ್ಟನಡುರಾತ್ರಿ ಯಾರೋ ಡ್ಯಾಂ ಒಡದೈತಿ ಅಂತ ಮೊಬೈಲ್‌ದಾಗ ಹಾಕಿದ್ರು. ಗಂಜಿ ಕೇಂದ್ರದಾಗ ಮಲಗಿದ್ದ ಮಂದಿ ಕೂಸು-ಕುನ್ನಿ ಎತ್ಕೊಂಡು ಮಳಿಯೊಳಗ ಓಡಿದ್ರು. ನಮ್ಮ ದೊಡ್ಡವ್ವ ಬಿದ್ದು ಕಾಲು ಮುರ್ಕೊಂಡ್ಳು. ಡ್ಯಾಂಗೆ ಏನೂ ಆಗಿದ್ದಿಲ್ಲ. ಯಾರು ಹಾಕಿದ್ರು ಅನ್ನೋದು ಇವತ್ತಿಗೂ ಗೊತ್ತಿಲ್ಲ.

ಅದಕ್ಕ ಕೇಳ್ತೀನ್ರಿ, ಈ ರೇಡಿಯೊದಾಗೂ ಹಂಗ ಸುಳ್ಳ ಸುದ್ದಿ ಬರಂಗಿಲ್ಲೇನು? ಮತ್ತ ನಮ್ಮದು ಬಯಲುಸೀಮಿ, ಗುಡ್ಡ ಇಲ್ಲ. ಕೈಯಾಗಿನ ಸೆಟ್ ನಡೀತೈತೇನು?

ಕೆಂಗೇರಿ_ಆಂಟೆನಾ
ಮೇ 12, ಮಧ್ಯಾಹ್ನ 3:05

ಅಣ್ಣಾ, ದೊಡ್ಡವ್ವನ ವಿಷಯ ಕೇಳಿ ಸಂಕಟ ಆಯ್ತು.

ಹ್ಯಾಮ್ ಬ್ಯಾಂಡಿನಲ್ಲಿ ಹೆಸರಿಲ್ಲದೆ ಮಾತಾಡುವ ಹಾಗಿಲ್ಲ. ಪ್ರತಿಯೊಬ್ಬರೂ ತಮ್ಮ ಕರೆಚಿಹ್ನೆ ಹೇಳಬೇಕು, ಅದು ಸರ್ಕಾರದ ಪುಸ್ತಕದಲ್ಲಿ ವಿಳಾಸದ ಸಮೇತ ಇರುತ್ತೆ. ಸುಳ್ಳು ಹೇಳೋದು ಅಸಾಧ್ಯ ಅಂತಲ್ಲ, ಹೇಳಿದವರು ಯಾರು ಅಂತ ಗೊತ್ತಿರುತ್ತೆ. ಅದಕ್ಕಿಂತ ಮುಖ್ಯ, "ಅಂತೆ" ಅನ್ನೋ ಸುದ್ದಿಯನ್ನ ನಾವು ದಾಟಿಸೋದೇ ಇಲ್ಲ. ನಾನು ಕಂಡದ್ದು ಇದು, ಅಥವಾ ಇಂಥ ಅಧಿಕಾರಿ ಸಹಿ ಹಾಕಿ ಕೊಟ್ಟದ್ದು ಇದು. ಮೂರನೆಯದಕ್ಕೆ ಜಾಗವಿಲ್ಲ.

ಬಯಲಲ್ಲಿ ಕೈಸೆಟ್ ಚೆನ್ನಾಗೇ ನಡೆಯುತ್ತೆ. ನೆಲದ ಮೇಲೆ ನಿಂತು ಮಾತಾಡಿದರೆ ನಾಲ್ಕೈದು ಕಿಲೋಮೀಟರ್, ಗಂಜಿ ಕೇಂದ್ರದ ಮಾಳಿಗೆ ಮೇಲೆ ಒಂದು ಗಳಕ್ಕೆ ಆಂಟೆನಾ ಕಟ್ಟಿದರೆ ಅದರ ಎಷ್ಟೋ ಪಟ್ಟು. ದೋಣಿಯಲ್ಲಿ ಒಬ್ಬರು, ಮಾಳಿಗೆ ಮೇಲೆ ಒಬ್ಬರು, ತಾಲ್ಲೂಕು ಕಚೇರಿಯಲ್ಲಿ ಒಬ್ಬರು ಇದ್ದರೆ ಯಾವ ದೋಣಿ ಎಲ್ಲಿಗೆ ಹೋಗಬೇಕು ಅಂತ ನಡೆಸಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಮಾತು ತೆರೆದ ಮಾತು. ಗುಪ್ತ ಸಂಕೇತ ಬಳಸೋದು ನಿಯಮದಲ್ಲೇ ನಿಷಿದ್ಧ, ಸೆಟ್ ಇರೋ ಯಾರು ಬೇಕಾದರೂ ಕೇಳ್ತಾರೆ. ಸತ್ತವರ ಹೆಸರನ್ನ ಗಾಳಿಯಲ್ಲಿ ಯಾವತ್ತೂ ಓದಬಾರದು. ಮನೆಯವರಿಗೆ ಆ ಸುದ್ದಿ ಗೊರಗೊರ ಸದ್ದಿನ ಮಧ್ಯೆ, ಯಾರದೋ ಬಾಯಿಂದ ಸಿಗಬಾರದು. ಬದುಕಿರೋರ ಹೆಸರು ಓದಿ. ಉಳಿದದ್ದು ಅಧಿಕಾರಿಗಳು ಮನೆಬಾಗಿಲಿಗೆ ಹೋಗಿ ಹೇಳಲಿ.

ಲೋರಾ_ಹುಡುಗ
ಮೇ 12, ಸಂಜೆ 6:45

ನಾನು ಎಂಜಿನಿಯರಿಂಗ್ ಮೂರನೇ ವರ್ಷ. ಲೋರಾ ಮೆಶ್ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ? 865–868 ಮೆಗಾಹರ್ಟ್ಸ್‌ನಲ್ಲಿ ಕಡಿಮೆ ಪವರ್‌ಗೆ ಲೈಸೆನ್ಸ್ ಬೇಡ. ಅಂಗೈಯಷ್ಟು ಪೆಟ್ಟಿಗೆ, ಫೋನಿಗೆ ಜೋಡಿಸಿದರೆ ಅಕ್ಷರದಲ್ಲೇ ಸಂದೇಶ ಹೋಗುತ್ತೆ, ಒಂದರಿಂದ ಇನ್ನೊಂದಕ್ಕೆ ತಾನೇ ದಾಟುತ್ತೆ. ಇಪ್ಪತ್ತು-ಎಪ್ಪತ್ತು ಗೊಂದಲವೇ ಇಲ್ಲ. ಗುಡ್ಡದ ಮೇಲೆ ಒಂದು ಇಟ್ಟರೆ ಆಚೆ ಈಚೆ ಎರಡೂ ಕಡೆ ಸಿಗುತ್ತೆ.

ನಿವೃತ್ತ_ತಂತಿ
ಮೇ 12, ರಾತ್ರಿ 8:00

ಮಗೂ, ಒಳ್ಳೇ ಮಾತು. ಊರೊಳಗೆ ನಿನ್ನ ಪೆಟ್ಟಿಗೆಗಳು ಓಡಾಡಲಿ, ಊರಿಂದ ಆಚೆಗೆ ನಮ್ಮ ತಂತಿ ಮಾತಾಡಲಿ. ಗುಡ್ಡದ ಮೇಲಿಟ್ಟ ಪೆಟ್ಟಿಗೆ ಗುಡ್ಡದ ಜೊತೆಗೇ ಜಾರಿದರೆ ಏನು ಅಂತ ಮಾತ್ರ ಯೋಚನೆ ಮಾಡು. ನೀನೂ ಪರೀಕ್ಷೆ ಬರಿ.

ಡಲ್ಲಾಸ್_ಕನ್ನಡಿಗ
ಮೇ 13, ಬೆಳಿಗ್ಗೆ 7:30

ಹುಟ್ಟೂರು ಹಾಸನ, ಈಗ ಟೆಕ್ಸಸ್. ಇಲ್ಲಿ ಪ್ರತಿ ವರ್ಷ ಜೂನ್ ಕೊನೆಯ ಹೊತ್ತಿಗೆ ಫೀಲ್ಡ್ ಡೇ ಅಂತ ಮಾಡ್ತಾರೆ. ಮನೆಯ ಕರೆಂಟ್ ಮುಟ್ಟದೆ, ಬಯಲಲ್ಲಿ ಡೇರೆ ಹಾಕಿ, ಬ್ಯಾಟರಿ-ಜನರೇಟರ್ ಮೇಲೆ ಇಡೀ ದಿನ ಪ್ರಸಾರ. ಮಕ್ಕಳು ಮರಿ ಎಲ್ಲಾ ಬರ್ತಾರೆ, ನೋಡೋಕೆ ಜಾತ್ರೆ ಥರ. ಆದರೆ 2017ರಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊವನ್ನ ನೆಲಸಮ ಮಾಡಿದಾಗ ರೆಡ್‌ಕ್ರಾಸ್ ಹ್ಯಾಮ್‌ಗಳನ್ನ ಕೇಳಿತು, 22 ಜನ ಅಲ್ಲಿಗೆ ಹೊರಟರು. ತಂತಿ ಎಳೆದು ಕಟ್ಟೋಕೆ ಅಲ್ಲಿ ಹೋಗಿ ಕಲಿಯಬೇಕಾಗಿರಲಿಲ್ಲ.

ನಮ್ಮ ಕಡೆಯೂ ಮೇ ತಿಂಗಳ ಒಂದು ಭಾನುವಾರ ಹೀಗೆ ಮಾಡಿದರೆ ಹೇಗೆ? ಒಂದು ಗಂಜಿ ಕೇಂದ್ರದ ಅಂಗಳದಲ್ಲೇ?

ಕುಡ್ಲದ_ಅಲೆ
ಮೇ 13, ಬೆಳಿಗ್ಗೆ 10:10

ಮಂಗಳೂರಿನಲ್ಲಿ ಹಳೇ ಕ್ಲಬ್ ಉಂಟು ಮಾರಾಯ್ರೆ, ಮೇಷ್ಟ್ರಿಗೆ ಘಟ್ಟ ಇಳಿದರೆ ನಾವೇ ಹತ್ತಿರ. ಕಾರ್ ರ‍್ಯಾಲಿಗಳಲ್ಲಿ ನಮ್ಮ ಹ್ಯಾಮ್‌ಗಳು ಕಾಡಿನೊಳಗೆ ಒಬ್ಬೊಬ್ಬರೇ ಸೆಟ್ ಹಿಡಿದು ನಿಂತು ಯಾವ ಗಾಡಿ ದಾಟಿತು, ಯಾವುದು ಬಿದ್ದಿತು ಹೇಳುವ ಕೆಲಸ ಮಾಡ್ತಾರೆ. ಅದೂ ಅಭ್ಯಾಸವೇ. ಪಶ್ಚಿಮ ಬಂಗಾಳದವರು ಗಂಗಾಸಾಗರ ಮೇಳದಲ್ಲಿ ಕಳೆದುಹೋದ ವಯಸ್ಸಾದವರನ್ನು ಅವರ ಊರಿನ ಹ್ಯಾಮ್‌ಗಳ ಮೂಲಕ ಮನೆಗೆ ಮುಟ್ಟಿಸ್ತಾರೆ, ವರ್ಷ ವರ್ಷವೂ. ಹಾಗೆ ಜನರ ನಡುವೆ ಕೆಲಸ ಮಾಡಿ ಗೊತ್ತಿದ್ದರೆ ದೊಡ್ಡ ಗಂಡಾಂತರದ ದಿನ ಕೈ ನಡುಗುದಿಲ್ಲ.

ಕಾಫಿತೋಟದ_ಮೇಷ್ಟ್ರು
ಜೂನ್ 1, ರಾತ್ರಿ 9:45

ತಡವಾಗಿ ಬರೀತಿದ್ದೇನೆ, ಕ್ಷಮಿಸಿ. ನಿನ್ನೆ ಭಾನುವಾರ ಮೈಸೂರಿನ ಹಿರಿಯರು ಬೆಳಗಿನ ಬಸ್ಸಿಗೇ ನಮ್ಮೂರಿಗೆ ಬಂದಿದ್ದರು. ಒಂದು ಹಳೇ ಟ್ರಂಕು, ಒಳಗೆ ಟವೆಲಿನಲ್ಲಿ ಸುತ್ತಿದ ಸೆಟ್ಟು, ಸುರುಳಿ ಸುತ್ತಿದ ತಂತಿ. ಶಾಲೆಯ ಧ್ವಜಸ್ತಂಭದ ಪಕ್ಕದ ಸಿಲ್ವರ್ ಓಕ್‌ನಿಂದ ಅಡುಗೆಮನೆಯ ಹಿಂದಿನ ಮರಕ್ಕೆ ಎಳೆದು ಕಟ್ಟಿದೆವು. ಕಲ್ಲಿಗೆ ಹಗ್ಗ ಕಟ್ಟಿ ಕೊಂಬೆ ಮೇಲೆ ಎಸೆಯೋ ಕೆಲಸ ಹುಡುಗರದ್ದು. ಬ್ಯಾಟರಿ ಪಕ್ಕದ ತೋಟದವರ ಜೀಪಿನದು.

ಸೆಟ್ ಹಾಕಿದಾಗ ನನಗೆ ಆಶ್ಚರ್ಯ ಆದದ್ದು ಎಷ್ಟು ಸ್ವಚ್ಛವಾಗಿ ಕೇಳುತ್ತೆ ಅನ್ನೋದು. ಊರಲ್ಲಿ ಕರೆಂಟ್ ಇರಲಿಲ್ಲ. ಹಿರಿಯರು, "ಕರೆಂಟ್ ಇಲ್ಲದ ಊರಿನಷ್ಟು ಒಳ್ಳೇ ಕಿವಿ ಬೆಂಗಳೂರಿನಲ್ಲಿ ಯಾರಿಗೂ ಇಲ್ಲ" ಅಂದರು. ಅಲ್ಲಿ ಬಲ್ಬು, ಚಾರ್ಜರ್ ಎಲ್ಲದರದ್ದೂ ಸದ್ದಂತೆ.

ಕೆಂಗೇರಿ ಮೇಡಂ ಆ ತುದಿಯಲ್ಲಿದ್ದರು. ಸಂದೇಶವನ್ನ ಮಕ್ಕಳೇ ಬರೆದಿದ್ದು, ಹಿರಿಯರು ಓದಿದ್ದು: "ಅಭ್ಯಾಸ. ಶಾಲೆಯಲ್ಲಿ ಎರಡು ಮೂರು ಜನ ಸುರಕ್ಷಿತ. ಒಬ್ಬರಿಗೆ ಇನ್ಸುಲಿನ್ ಬೇಕು. ರಸ್ತೆ ಎರಡೂ ಕಡೆ ಮುಚ್ಚಿದೆ. ಅಭ್ಯಾಸ." ಹದಿನಾಲ್ಕು ಪದ. ಗುಮಾಸ್ತರು ಹೇಳಿದ ಹಾಗೆ 23ನ್ನ ಬಿಡಿ ಅಂಕಿಯಲ್ಲಿ ಬರೆದಿದ್ದರು.

ಮೇಡಂ ತಿರುಗಿ ಓದಿದರು, ಪದದ ಲೆಕ್ಕವೂ ಸರಿ ಇತ್ತು. ಆಮೇಲೆ ಕೇಳಿದರು, "ಎರಡು ಜನವೋ ಮೂರು ಜನವೋ, ಖಚಿತ ಇಲ್ಲವಾ?" ಶಾಲೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕನ್ನಡದಲ್ಲಿ ಎರಡು ಮೂರು ಜನ ಅಂದರೆ ಇಬ್ಬರು ಮೂವರು! ಬರೆದಾಗ ಯಾರಿಗೂ ಹೊಳೆದಿರಲಿಲ್ಲ, ನನಗೂ.

ಅವಳೇ, ಆ ಏಳನೇ ಕ್ಲಾಸಿನ ಹುಡುಗಿ, ಪೆನ್ಸಿಲ್ ತಗೊಂಡು ತಿದ್ದಿದಳು: "ಇಪ್ಪತ್ತಮೂರು ಜನ, ಅಂಕಿ ಎರಡು, ಅಂಕಿ ಮೂರು." ಎರಡನೇ ಸಲ ತಪ್ಪಿಲ್ಲದೆ ಹೋಯ್ತು. ಊರಿನ ಹೆಸರನ್ನ ಅಕ್ಷರ ಅಕ್ಷರ ಹೇಳಬೇಕಾದಾಗ ಅರಸನ ಅ, ಆನೆಯ ಆ ಅಂತ ಮಕ್ಕಳು ಒಂದನೇ ಕ್ಲಾಸಿನ ಪಟ್ಟಿಯನ್ನೇ ಇಟ್ಟುಕೊಂಡಿದ್ದಾರೆ.

ಪರೀಕ್ಷೆಗೆ ನಾನೂ ಅವಳೂ ಅರ್ಜಿ ಹಾಕ್ತಿದ್ದೇವೆ. ಲೈಸೆನ್ಸ್ ಬರೋವರೆಗೆ ಕೇಳೋದು, ಬರೆದುಕೊಳ್ಳೋದು ಮಾತ್ರ. ಈ ಮಳೆಗಾಲಕ್ಕೆ ತೋಟದವರ ನೆಂಟರೊಬ್ಬರು, ಲೈಸೆನ್ಸ್ ಇರೋ ಹ್ಯಾಮ್, ಜುಲೈ ಆಗಸ್ಟ್ ಇಲ್ಲೇ ಇರೋಕೆ ಒಪ್ಪಿದ್ದಾರೆ. ತಂತಿಯನ್ನ ಮರದಲ್ಲೇ ಬಿಟ್ಟಿದ್ದೇವೆ. ತಹಶೀಲ್ದಾರರು ಬುಧವಾರ ಹನ್ನೊಂದು ಗಂಟೆಗೆ ಬನ್ನಿ ಅಂದಿದ್ದಾರೆ. ಗುಮಾಸ್ತರೇ, ಹೋಗುವಾಗ ಏನೇನು ತಗೊಂಡು ಹೋಗಲಿ?

ಕಂದಾಯ_ಗುಮಾಸ್ತ
ಜೂನ್ 1, ರಾತ್ರಿ 10:02

ನಿಮ್ಮ ಹ್ಯಾಮ್ ನೆಂಟರ ಲೈಸೆನ್ಸಿನ ನಕಲು ಎರಡು ಪ್ರತಿ. ಅವರನ್ನೂ ಕರ್ಕೊಂಡು ಹೋಗಿ, ಮುಖ ಕಾಣಲಿ. ನಿಮ್ಮ ಗ್ರಾಮ ಪಂಚಾಯಿತಿಯ ನಕ್ಷೆಯಲ್ಲಿ ಶಾಲೆಗೆ ಕೆಂಪು ಗುರುತು ಹಾಕಿ. ದಿನಕ್ಕೆ ಎಷ್ಟು ಹೊತ್ತಿಗೆ, ಯಾವ ಫ್ರೀಕ್ವೆನ್ಸಿಯಲ್ಲಿ ಕೇಳ್ತಾ ಇರ್ತೀರಿ ಅಂತ ಒಂದೇ ಹಾಳೆಯಲ್ಲಿ ಬರೆದು ಕೊಡಿ, ಕಂಟ್ರೋಲ್ ರೂಮಿನ ಗೋಡೆಗೆ ಅಂಟಿಸೋಕೆ. ಆ ಹುಡುಗಿ ತಿದ್ದಿದ ಹಾಳೆ ಇದೆಯಲ್ಲ, ಪೆನ್ಸಿಲ್ ಗುರುತಿನ ಸಮೇತ ಅದನ್ನೂ ತಗೊಂಡು ಹೋಗಿ.